ಕೋಳಿಗಳ ಕರುಳುಬೇನೆ: ಪ್ರತಿಜೀವಕ ಪುಡಿಯ ಬದಲು ಸಸ್ಯಮೂಲ ಉಪಾಯಗಳು

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಸುರಪುರ, ಹುಣಸಗಿ ಹಾಗೂ ಶಹಾಪುರ ಭಾಗದ ಗ್ರಾಮಗಳಲ್ಲಿ ಭತ್ತದ ಬೇಸಾಯದೊಂದಿಗೆ ಹಿತ್ತಲ ಕೋಳಿ ಸಾಕಣೆಯೂ ನಡೆದುಬಂದಿದೆ. ನುಚ್ಚು, ತೌಡು, ಹೊಟ್ಟು ಸುಲಭವಾಗಿ ದೊರೆಯುವುದರಿಂದ ಹತ್ತಿಪ್ಪತ್ತು ನಾಟಿ ಕೋಳಿ ಅಥವಾ ಗಿರಿರಾಜ, ಸ್ವರ್ಣಧಾರಾ ತಳಿಯ ಮರಿಗಳನ್ನು ಸಾಕುವುದು ಮಹಿಳೆಯರಿಗೆ ಭಾರವಾಗುವುದಿಲ್ಲ. ಆದರೆ ಕೋಳಿಗಳಿಗೆ ಭೇದಿ ಹತ್ತಿದ ಕೂಡಲೇ ಅಂಗಡಿಯಿಂದ ಪ್ರತಿಜೀವಕ, ಅಂದರೆ ಆಂಟಿಬಯಾಟಿಕ್ ಪುಡಿಯನ್ನು ತಂದು ನೀರಿನಲ್ಲಿ ಕಲಸಿ ಇಡುವುದು ರೂಢಿಯಾಗಿದೆ. ಕೋಳಿ ಉಳಿದರೆ ಪುಡಿಯ ಗುಣ, ಸತ್ತರೆ ಹಣೆಬರಹ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ.

ಈ ರೂಢಿಯ ಹಾನಿ ಕೋಳಿಗೂಡಿನಲ್ಲೇ ನಿಲ್ಲುವುದಿಲ್ಲ. ಔಷಧವನ್ನು ಅಗತ್ಯವಿಲ್ಲದೆ ಅಥವಾ ಅರೆಬರೆ ಪ್ರಮಾಣದಲ್ಲಿ ಕೊಟ್ಟಾಗ ದುರ್ಬಲ ಬ್ಯಾಕ್ಟೀರಿಯಾಗಳು ಸತ್ತು, ಔಷಧಕ್ಕೆ ಬಗ್ಗದವು ಉಳಿದು ವೃದ್ಧಿಯಾಗುತ್ತವೆ. ಹಿಕ್ಕೆ, ಗೊಬ್ಬರ, ನೀರು ಹಾಗೂ ಕೈಗಳ ಮೂಲಕ ಅವು ಮನುಷ್ಯರನ್ನೂ ತಲುಪುತ್ತವೆ. ಬೇರೆ ಔಷಧಗಳು ಕೈಕೊಟ್ಟಾಗ ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಕೋಳಿ ಆಹಾರದಲ್ಲಿ ಬೆರೆಸಲಾಗುತ್ತಿತ್ತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ಅದನ್ನು ತಯಾರಿಸುವುದನ್ನೂ ಮಾರುವುದನ್ನೂ ಕೇಂದ್ರ ಸರ್ಕಾರವು 2019ರ ಜುಲೈನಲ್ಲಿ ನಿಷೇಧಿಸಿದೆ. 2021ರ ಡಿಸೆಂಬರ್‌ನಲ್ಲಿ ರಾಜ್ಯದ ಏಳು ಜಿಲ್ಲೆಗಳ ಶಾಲಾ ಬಿಸಿಯೂಟದಲ್ಲಿ ಮೊಟ್ಟೆ ನೀಡಲು ಆರಂಭಿಸಿದಾಗ ಯಾದಗಿರಿಯೂ ಅವುಗಳಲ್ಲಿ ಒಂದಾಗಿತ್ತು. ಮಕ್ಕಳ ತಟ್ಟೆಗೆ ಮೊಟ್ಟೆ ಬರುವ ಜಿಲ್ಲೆಯಲ್ಲಿ ಕೋಳಿಗೆ ಏನನ್ನು ಕುಡಿಸಲಾಗುತ್ತಿದೆ ಎಂಬುದು ಪಂಚಾಯಿತಿಯ ವಿಷಯವೂ ಆಗುತ್ತದೆ.

ಮೊದಲು ರೋಗ ಯಾವುದೆಂದು ತಿಳಿಯುವುದು ಅವಶ್ಯ. ಮೂರರಿಂದ ಆರು ವಾರದ ಮರಿಗಳಲ್ಲಿ ಹಿಕ್ಕೆಯೊಂದಿಗೆ ರಕ್ತ ಬಂದರೆ ಅದು ಬಹುತೇಕ ರಕ್ತಭೇದಿ. ಅದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ಐಮೇರಿಯಾ ಎಂಬ ಏಕಕೋಶ ಪರಾವಲಂಬಿ ಜೀವಿ. ಅದಕ್ಕೆ ಆಂಪ್ರೋಲಿಯಂನಂತಹ ಬೇರೆಯೇ ಔಷಧ ಬೇಕಾಗುತ್ತದೆ. ಹಸಿರು ಭೇದಿ, ಉಸಿರಾಟದ ತೊಂದರೆ, ಕತ್ತು ತಿರುಚುವಿಕೆ ಕಂಡುಬಂದರೆ ರಾಣಿಖೇತ್, ಅಂದರೆ ಕೊಕ್ಕರೆ ರೋಗವೆಂದು ಶಂಕಿಸಬೇಕು. ಇದು ವೈರಾಣುವಿನಿಂದ ಬರುವ ರೋಗ. ಇದಕ್ಕೆ ಪ್ರತಿಜೀವಕವೂ ಇಲ್ಲ, ಗಿಡಮೂಲಿಕೆಯೂ ಇಲ್ಲ. ಮುಂಚಿತವಾಗಿ ಹಾಕಿಸಿದ ಲಸಿಕೆಯೊಂದೇ ರಕ್ಷಣೆ. ಸಾಲ್ಮೊನೆಲ್ಲಾ, ಇ-ಕೊಲೈ, ಕ್ಲಾಸ್ಟ್ರಿಡಿಯಂ ಮೊದಲಾದ ಬ್ಯಾಕ್ಟೀರಿಯಾಗಳಿಂದ ಬರುವ ಕರುಳುಬೇನೆಗಳಲ್ಲಿ ಮಾತ್ರ ಪ್ರತಿಜೀವಕದ ಪ್ರಶ್ನೆ ಏಳುತ್ತದೆ, ಅದೂ ಪಶುವೈದ್ಯರ ಸಲಹೆಯ ಮೇರೆಗೆ.

ಸಸ್ಯಮೂಲ ಪದಾರ್ಥಗಳ ಪೈಕಿ ಹೆಚ್ಚು ಪರೀಕ್ಷೆಗೆ ಒಳಗಾದವು ಅಡುಗೆಮನೆಯಲ್ಲೇ ಇವೆ. ಅಜವಾನದ ಎಣ್ಣೆಯಲ್ಲಿರುವ ಥೈಮಾಲ್ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲಗೊಳಿಸುತ್ತದೆ. ಬೆಳ್ಳುಳ್ಳಿಯನ್ನು ಜಜ್ಜಿದಾಗ ಉಂಟಾಗುವ ಆಲಿಸಿನ್ ರೋಗಾಣುವಿನ ಕಿಣ್ವಗಳ ಕೆಲಸವನ್ನು ತಡೆಯುತ್ತದೆ. ಇಡೀ ಎಸಳಿನಲ್ಲಿ ಅದು ಇರುವುದಿಲ್ಲವಾದ್ದರಿಂದ ಜಜ್ಜಿಯೇ ಕೊಡಬೇಕು. ಅರಿಸಿನದ ಕರ್ಕ್ಯುಮಿನ್ ಕರುಳಿನ ಉರಿಯೂತವನ್ನು ತಗ್ಗಿಸುತ್ತದೆ. ಪ್ರಯೋಗಗಳಲ್ಲಿ ಬೆಳ್ಳುಳ್ಳಿ ಅಥವಾ ಅರಿಸಿನದ ಪುಡಿಯನ್ನು ಸಾಮಾನ್ಯವಾಗಿ ಒಂದು ಕಿಲೋ ಆಹಾರಕ್ಕೆ 5ರಿಂದ 10 ಗ್ರಾಂನಂತೆ ಬೆರೆಸಲಾಗಿದೆ. ಫಲಿತಾಂಶಗಳು ಮಾತ್ರ ಒಂದೇ ತೆರನಾಗಿಲ್ಲ. ಕೆಲವೆಡೆ ತೂಕ ಹೆಚ್ಚಿದೆ, ಕೆಲವೆಡೆ ಯಾವ ವ್ಯತ್ಯಾಸವೂ ಕಂಡಿಲ್ಲ. ಮಾತ್ರೆಯಲ್ಲಿ ಔಷಧದ ಅಂಶ ನಿಗದಿಯಾಗಿರುತ್ತದೆ. ಗಿಡದಲ್ಲಿ ಅದು ತಳಿ, ಮಣ್ಣು, ಒಣಗಿಸಿದ ರೀತಿ ಹಾಗೂ ಸಂಗ್ರಹಿಸಿಟ್ಟ ಅವಧಿಯ ಮೇಲೆ ಬದಲಾಗುತ್ತದೆ. ಬೇವಿನ ಸೊಪ್ಪು ಹೆಚ್ಚಾದರೆ ಕೋಳಿ ಕಹಿಗೆ ಮೇವನ್ನೇ ಬಿಡುತ್ತದೆ. ಆದುದರಿಂದ ಇವನ್ನು ಆರೋಗ್ಯವಂತ ಕೋಳಿಯ ಕರುಳನ್ನು ಕಾಪಾಡುವ ಆಹಾರವೆಂದು ಪರಿಗಣಿಸಬೇಕೇ ಹೊರತು, ರೋಗ ಬಿದ್ದ ಮೇಲಿನ ಚಿಕಿತ್ಸೆಯೆಂದಲ್ಲ. ಸಸ್ಯಮೂಲವೆಂದು ಚೀಟಿ ಅಂಟಿಸಿದ ಎಲ್ಲ ಬಾಟಲಿಗಳನ್ನೂ ನಂಬಬೇಕಾಗಿಲ್ಲ.

ಐರೋಪ್ಯ ಒಕ್ಕೂಟವು ಬೆಳವಣಿಗೆಗಾಗಿ ಆಹಾರದಲ್ಲಿ ಪ್ರತಿಜೀವಕ ಬೆರೆಸುವುದನ್ನು 2006ರ ಜನವರಿ 1ರಿಂದ ಸಂಪೂರ್ಣವಾಗಿ ನಿಲ್ಲಿಸಿತು. ಸ್ವೀಡನ್ ಇದಕ್ಕೂ ಮೊದಲೇ, 1986ರಲ್ಲಿ ನಿಲ್ಲಿಸಿತ್ತು. ಪುಡಿ ತೆಗೆದ ಮೇಲೆ ಹಲವೆಡೆ ಕರುಳುಬೇನೆ ತಲೆಯೆತ್ತಿತು. ಅದಕ್ಕೆ ಕೇವಲ ಮೂಲಿಕೆಯಿಂದ ಉತ್ತರ ದೊರೆಯಲಿಲ್ಲ. ಆಹಾರವನ್ನೂ ಕೋಳಿ ಮನೆಯ ನೈರ್ಮಲ್ಯವನ್ನೂ ಸರಿಪಡಿಸಬೇಕಾಯಿತು.

ನಮ್ಮ ಭಾಗದಲ್ಲೂ ಗಮನ ಹರಿಯಬೇಕಾದುದು ಗೂಡಿನ ನೆಲದ ಕಡೆಗೆ. ರಕ್ತಭೇದಿಯ ಜೀವಿಯ ತತ್ತಿಗಳು ಹಿಕ್ಕೆಯಲ್ಲಿ ಹೊರಬಂದ ತಕ್ಷಣ ರೋಗ ಹರಡಲಾರವು. ತೇವ, ಬೆಚ್ಚಗಿನ ಹವೆ, ಗಾಳಿ ದೊರೆತರೆ ಒಂದೆರಡು ದಿನಗಳಲ್ಲಿ ಬಲಿತು ಅಪಾಯಕಾರಿಯಾಗುತ್ತವೆ. ಬ್ಲೀಚಿಂಗ್ ಪುಡಿಗೆ ಅವು ಸಾಯುವುದಿಲ್ಲ, ಒಣಗಿದರೆ ಸಾಯುತ್ತವೆ. ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿದ ಭತ್ತದ ಹೊಟ್ಟನ್ನು ಆಗಾಗ ತಿರುವಿ ಹಾಕಬೇಕು. ಒಂದು ಹಿಡಿ ಹೊಟ್ಟನ್ನು ಬಿಗಿಯಾಗಿ ಹಿಡಿದು ಬಿಟ್ಟಾಗ ಉಂಡೆಯಾಗಿ ಉಳಿದರೆ ತೇವ ಹೆಚ್ಚಿದೆ ಎಂದರ್ಥ. ಆ ಭಾಗವನ್ನು ತೆಗೆದು ಒಣ ಹೊಟ್ಟು ಹಾಕಬೇಕು. ನೀರಿನ ಪಾತ್ರೆಯನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಿದರೆ ಚೆಲ್ಲುವುದು ಕಡಿಮೆಯಾಗುತ್ತದೆ. ಈ ಒಂದು ಇಟ್ಟಿಗೆಯ ಎತ್ತರದ ಕೆಲಸಕ್ಕೆ ಖರ್ಚೇ ಇಲ್ಲ.

ಉದ್ಯೋಗ ಖಾತರಿ ಕಾಮಗಾರಿಯಾಗಿ ಕೋಳಿ ಶೆಡ್ ಕೈಗೊಳ್ಳುವಾಗ ಸದಸ್ಯರು ಮೂರು ಅಂಶಗಳನ್ನು ಸ್ಥಳದಲ್ಲೇ ನೋಡಬಹುದು: ಉದ್ದವು ಪೂರ್ವ–ಪಶ್ಚಿಮವಾಗಿದೆಯೇ, ನೆಲವು ಸುತ್ತಲಿನ ಮಟ್ಟಕ್ಕಿಂತ ಒಂದು ಅಡಿಯಾದರೂ ಮೇಲಿದೆಯೇ, ಮಳೆಯ ಎರಚಲು ತಡೆಯುವಷ್ಟು ಸೂರು ಚಾಚಿದೆಯೇ. ಕಾಲುವೆ ಬಸಿನೀರು ನಿಲ್ಲುವ ಜಾಗಗಳಲ್ಲಿ ಎರಡನೆಯ ಅಂಶವನ್ನು ಬಿಟ್ಟುಕೊಡಬಾರದು.

ರಾಣಿಖೇತ್ ಲಸಿಕೆಯ ಬಗ್ಗೆ ಪಶು ಆಸ್ಪತ್ರೆಯೊಂದಿಗೆ ದಿನ ನಿಗದಿಪಡಿಸಿಕೊಂಡು ಸ್ವಸಹಾಯ ಸಂಘಗಳ ಮೂಲಕ ಮನೆಮನೆಗೆ ತಿಳಿಸುವುದು ಸೂಕ್ತ. ಪ್ರತಿಜೀವಕ ನೀಡಲೇಬೇಕಾದಾಗ ವೈದ್ಯರು ಸೂಚಿಸಿದ ಪೂರ್ಣ ಅವಧಿಗೆ ನೀಡಬೇಕು. ಅವರು ತಿಳಿಸಿದಷ್ಟು ದಿನ ಆ ಕೋಳಿಯ ಮೊಟ್ಟೆ, ಮಾಂಸವನ್ನು ಮಾರಬಾರದು, ಮನೆಯಲ್ಲೂ ತಿನ್ನಬಾರದು. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತರೆ ಅಂಗಡಿಗೆ ಹೋಗುವ ಮುನ್ನ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ತಿಳಿಸಬೇಕು. ಸತ್ತ ಕೋಳಿಗಳನ್ನು ಕಾಲುವೆಗೆ ಎಸೆಯದೆ, ಬಾವಿ ಹಾಗೂ ಕೊಳವೆಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು.