ರವಿವಾರ ಪೇಟೆಗೊಂದು ಕಡಲ ಬಾಗಿಲು

ಬೆಳಗಾವಿಯಿಂದ ಹಿಂಡಲಗಾ ದಾಟಿ ಪಶ್ಚಿಮಕ್ಕೆ ಹೊರಡುವ ದಾರಿ ಊರವರ ಬಾಯಲ್ಲಿ ಇಂದಿಗೂ ‘ವೆಂಗುರ್ಲಾ ರಸ್ತೆ’ಯೇ. ಆಂಬೋಲಿ ಘಾಟ್ ಇಳಿದು ಸಾವಂತವಾಡಿ ಹಾದು ಸುಮಾರು 120 ಕಿ.ಮೀ. ಹೋದರೆ ವೆಂಗುರ್ಲಾ ಬಂದರು. ಇಂದು ಅದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಸಣ್ಣ ಪಟ್ಟಣ. ಒಂದು ಕಾಲಕ್ಕೆ ಬೆಳಗಾವಿ ಪೇಟೆಗೆ ಕಡಲು ಸಿಗುತ್ತಿದ್ದುದು ಅಲ್ಲೇ.

ವೆಂಗುರ್ಲಾದ ಭಾಗ್ಯ ಮೊದಲು ತೆರೆದದ್ದು ವಿಜಯಪುರದ ದರ್ಬಾರಿನಲ್ಲಿ. 1637ರಲ್ಲಿ ಡಚ್ ಕಂಪನಿಯ ಯೋಹಾನ್ ವಾನ್ ಟ್ವಿಸ್ಟ್ ಆದಿಲಶಾಹಿ ಸುಲ್ತಾನನ ಬಳಿಗೆ ರಾಯಭಾರಿಯಾಗಿ ಬಂದು ವೆಂಗುರ್ಲಾದಲ್ಲಿ ವಖಾರ ಕಟ್ಟಲು ಅಪ್ಪಣೆ ಪಡೆದ. ಮೆಣಸಿನ ವ್ಯಾಪಾರದಷ್ಟೇ ಮುಖ್ಯವಾಗಿದ್ದುದು ಗೋವೆಯ ಸಾಮೀಪ್ಯ. ಪೋರ್ಚುಗೀಸರ ಗೋವೆಗೆ ಡಚ್ಚರ ಹಡಗುಗಳು ವರ್ಷವರ್ಷವೂ ಮುತ್ತಿಗೆ ಹಾಕುತ್ತಿದ್ದಾಗ ಅವುಗಳ ಬೆನ್ನಿಗಿದ್ದದ್ದು ವೆಂಗುರ್ಲಾ. ಆ ಶತಮಾನ ಮುಗಿಯುವಷ್ಟರಲ್ಲಿ ಡಚ್ಚರು ಇಲ್ಲಿಂದ ಕಾಲ್ತೆಗೆದರು.

1812ರಲ್ಲಿ ಸಾವಂತವಾಡಿ ಸಂಸ್ಥಾನವು ಬಂದರನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಿತು. 1818ರಲ್ಲಿ ಬೆಳಗಾವಿ ಕೋಟೆಯೂ ಅವರ ವಶವಾಯಿತು. ದಂಡು ಬೀಡುಬಿಟ್ಟ ಊರಿಗೆ ಬಂದರು ಬೇಕೇ ಬೇಕಲ್ಲ! ಕಡಿದಾದ ರಾಮಘಾಟಿನಲ್ಲಿ ಹೇರೆತ್ತುಗಳು ಏರಿಳಿದವು. 1860ರ ದಶಕದ ಕೊನೆಗೆ ಆಂಬೋಲಿ ಘಾಟ್‌ ರಸ್ತೆಯಲ್ಲಿ ಚಕ್ಕಡಿಗಳು ಸಾಲುಗಟ್ಟಿದವು. ಬಯಲುಸೀಮೆಯ ಹತ್ತಿ, ಬೆಲ್ಲ, ಕಾಳು ಕೆಳಗಿಳಿದವು. ಉಪ್ಪು, ತೆಂಗು, ಒಣಮೀನು ಮೇಲೆ ಬಂದವು. ಬೆಳಗಾವಿಯ ರವಿವಾರ ಪೇಟೆಯಂಥ ಸಗಟು ಪೇಟೆಗಳ ಏಳಿಗೆಗೆ ಈ ಘಟ್ಟದ ದಾರಿಯ ಋಣವಿದೆ.

ಆ ವೈಭವವನ್ನು ರೈಲು ಬೇರೆಡೆಗೆ ಒಯ್ದಿತು. 1888ರ ಹೊತ್ತಿಗೆ ಗೋವೆಯ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಹಳಿ ಬಂತು. ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ ಆಯಿತು. ಬೆಳಗಾವಿಯ ಸರಕು ಆ ಕಡೆ ಹೊರಳಿತು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯೂ ವೆಂಗುರ್ಲಾವನ್ನು ಮುಟ್ಟಲಿಲ್ಲ. ಸಾವಂತವಾಡಿ, ಕುಡಾಳದಲ್ಲಿ ಇಳಿದೇ ಹೋಗಬೇಕು.

ವ್ಯಾಪಾರಿಗಳು ಹೋದರೂ ಮೀನುಗಾರರು ಕದಲಲಿಲ್ಲ. ವಖಾರ ಏಳುವ ಮೊದಲೂ ಕಡಲಿಗಿಳಿಯುತ್ತಿದ್ದವರು ಇವರೇ. ಕಾರವಾರದ ರಂಪಣಿಯಂತೆ ಇಲ್ಲಿಯೂ ದಂಡೆಯಲ್ಲಿ ನಿಂತು ಹತ್ತಾರು ಜನ ಒಂದೇ ಬಲೆಯನ್ನು ಎಳೆಯುತ್ತಾರೆ. ಬಂಗಡೆ, ತಾರಲೆ, ಇಸವಣ ಊರೊಳಗಿನ ಕ್ರಾಫರ್ಡ್ ಮಾರ್ಕೆಟ್ಟಿಗೆ ಬರುತ್ತವೆ. ಬಂದರಿನ ಗುಡ್ಡದ ಮೇಲೆ ದೀಪಸ್ತಂಭ, ಕೆಳಗೆ ಧಕ್ಕೆ, ಸುತ್ತ ಗೋಡಂಬಿ ತೋಪು. ‘ವೆಂಗುರ್ಲಾ’ ಹೆಸರಿನ ಗೋಡಂಬಿ ತಳಿಗಳು ಬಂದದ್ದು ಇಲ್ಲಿನ ಹಣ್ಣು ಸಂಶೋಧನಾ ಕೇಂದ್ರದಿಂದಲೇ.

ಡಚ್ ವಖಾರ ಈಗ ಪಾಳುಗೋಡೆ. ಕಲ್ಲಿನ ಸಂದಿಗಳಲ್ಲಿ ಬೇರುಗಳು ಇಳಿದಿವೆ. ಅದು ವೆಂಗುರ್ಲಾದ ಆಸ್ತಿ ಮಾತ್ರವಲ್ಲ, ವಿಜಯಪುರದ, ಬೆಳಗಾವಿಯ ಚರಿತ್ರೆಯೂ ಹೌದು. ಗೋಡೆಗಳು ಇನ್ನಷ್ಟು ಕುಸಿಯುವ ಮೊದಲು ಸರ್ಕಾರ ಅದನ್ನು ಜತನ ಮಾಡಬೇಕು. ರಜೆ ಬಂದೊಡನೆ ಗೋವೆಗೆ ಧಾವಿಸುವ ಬೆಳಗಾವಿಗರೂ ಒಮ್ಮೆ ಈ ಹಳೆಯ ದಾರಿ ಹಿಡಿಯಲಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಹಾಗಾಗಿ ಮಳೆಗಾಲ ಕಳೆದ ಮೇಲೆ ಹೋಗುವುದು ಒಳಿತು.