ಬೆಕ್ಕಿನ ಸೋಂಕಿಗೆ ಡಾಲ್ಫಿನ್ ಬಲಿ!

ನ್ಯೂಜಿಲೆಂಡ್ ಕರಾವಳಿ ಬಿಟ್ಟರೆ ಬೇರೆಲ್ಲೂ ಕಾಣಸಿಗದ ಪುಟ್ಟ ಹೆಕ್ಟರ್ ಡಾಲ್ಫಿನ್‌ಗಳಿಗೆ ನೆಲದ ಮೇಲಿನ ಬೆಕ್ಕುಗಳಿಂದ ಮಾರಕ ಸೋಂಕು ತಗಲುತ್ತಿದೆ ಎಂಬುದು ನಿಮಗೆ ಗೊತ್ತೆ? ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶ ಪರಾವಲಂಬಿಯ ಸಂತಾನೋತ್ಪತ್ತಿ ಪೂರ್ಣಗೊಳ್ಳುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಲ್ಲಿ ಮಾತ್ರ. ಸೋಂಕು ತಗಲಿದ ಒಂದೇ ಬೆಕ್ಕಿನ ಮಲದಲ್ಲಿ ಇದರ ಲಕ್ಷಾಂತರ ಕೋಶಗಳು ಹೊರಬೀಳುತ್ತವೆ. ಗಟ್ಟಿ ಕವಚದ ಈ ಕೋಶಗಳು ಮಳೆನೀರಲ್ಲಿ ಹಳ್ಳ, ಹೊಳೆ ದಾಟಿ ಕಡಲು ಸೇರುತ್ತವೆ. ಉಪ್ಪುನೀರಲ್ಲೂ ತಿಂಗಳುಗಟ್ಟಲೆ ಬದುಕಿರುತ್ತವೆ. ಡಾಲ್ಫಿನ್‌ನ ಒಡಲು ಹೊಕ್ಕರೆ ಶ್ವಾಸಕೋಶ, ಯಕೃತ್ತು, ಮಿದುಳಿಗೂ ಸೋಂಕು ಹರಡಬಹುದು.

2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷಿಸಿದ 28 ಹೆಕ್ಟರ್ ಡಾಲ್ಫಿನ್ ಕಳೇಬರಗಳ ಪೈಕಿ 7ರ ಸಾವಿಗೆ ಈ ಸೋಂಕೇ ಕಾರಣವಾಗಿತ್ತು. ಆ ಏಳರಲ್ಲಿ ಎರಡು ಮಾವಿ ಡಾಲ್ಫಿನ್‌ಗಳೆಂಬುದೇ ಹೆಚ್ಚು ಸಂಕಟದ ಸಂಗತಿ. ಹೆಕ್ಟರ್ ಡಾಲ್ಫಿನ್‌ನ ಈ ಉಪಪ್ರಭೇದದಲ್ಲಿ ವರ್ಷ ತುಂಬಿದವು ಉಳಿದಿರುವುದೇ 50ರ ಆಸುಪಾಸು. ಡಾಲ್ಫಿನ್‌ಗಳು ಸಿಕ್ಕಿ ಸಾಯುವ ಮೀನುಬಲೆಗಳಿಗಾದರೂ ನಿರ್ಬಂಧ ಹೇರಬಹುದು, ಮಳೆನೀರನ್ನು ತಡೆಯುವವರು ಯಾರು?