ನೆಲಮಹಡಿಯ ಕಮೋಡಿಗೆ ಇಡೀ ಬೀದಿಯ ಭಾರ

ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳಲ್ಲಿ ನೆಲಮಹಡಿಯ ಮನೆ ಬಾಡಿಗೆಗೆ ನೋಡುವವರು ಕಾವೇರಿ ನೀರು ವಾರಕ್ಕೆಷ್ಟು ದಿನ, ಗಾಡಿ ನಿಲ್ಲಿಸಲು ಜಾಗವಿದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಒಳಚರಂಡಿಯ ಚೇಂಬರ್ ಎಲ್ಲಿದೆ ಎಂದು ಕೇಳುವವರು ಅಪರೂಪ. ಮುಚ್ಚಳದ ಮೇಲೆ ಟೈಲ್ಸ್ ಹಾಕಿ ಅಂದಗಾಣಿಸಿದ ಮಾಲೀಕರಿಗೂ ಅದು ನೆನಪಿರುವುದಿಲ್ಲ. ಭಾನುವಾರ ಬೆಳಿಗ್ಗೆ, ನೆಂಟರು ಬಂದಿಳಿದ ಹೊತ್ತಿಗೇ, ಕಮೋಡು ತುಂಬಿ ಹೊರಚೆಲ್ಲಿದಾಗ ಹುಡುಕಾಟ ಶುರು.

ಆಗ ಎಲ್ಲರೂ ಮೊದಲು ಮಾಡುವ ಕೆಲಸ ಇನ್ನೊಮ್ಮೆ ಫ್ಲಶ್ ಒತ್ತುವುದು. ಅದನ್ನು ಮಾತ್ರ ಮಾಡಬೇಡಿ. ಪಕ್ಕದ ಆಂಗಲ್ ಕಾಕ್ ತಿರುಗಿಸಿ ಟ್ಯಾಂಕಿಗೆ ನೀರು ನಿಲ್ಲಿಸಿ. ಆಮೇಲೆ ಬಚ್ಚಲ ಜಾಲರಿಯನ್ನು ಗಮನಿಸಿ. ಅಲ್ಲಿ ನೀರು ಸಲೀಸಾಗಿ ಇಳಿಯುತ್ತಿದ್ದು ಕಮೋಡೊಂದೇ ಕಟ್ಟಿದ್ದರೆ ತೊಂದರೆ ಅದರ ಬಾಗಿದ ಕೊಳವೆಯಲ್ಲಿ. ನಾತ ಒಳಬಾರದಂತೆ ಸದಾ ಒಂದಿಷ್ಟು ನೀರು ನಿಲ್ಲಲೆಂದು ಮಾಡಿದ ಆ ಬಾಗಿನಲ್ಲೇ ಪ್ಯಾಡು, ಒದ್ದೆ ಟಿಶ್ಯೂ, ಕೂದಲುಂಡೆ ಸಿಕ್ಕಿಕೊಳ್ಳುತ್ತವೆ. ರಬ್ಬರ್ ಪಂಪಿನಿಂದ ಒತ್ತಿ ಎಳೆದರೆ ಬಹುಮಟ್ಟಿಗೆ ಬಿಟ್ಟುಕೊಳ್ಳುತ್ತದೆ. ಎಳೆಯುವಾಗಲೇ ಬಲ ಬೇಕು, ಬರೀ ಒತ್ತಿದರೆ ಕಸ ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಮೇಲಿನ ಮನೆಯವರು ಸ್ನಾನ ಮಾಡಿದ ನೀರು ನಿಮ್ಮ ಬಚ್ಚಲಲ್ಲಿ ಗುಳುಗುಳು ಎಂದು ಎದ್ದರೆ ಕಥೆಯೇ ಬೇರೆ. ಚೇಂಬರ್ ಮುಚ್ಚಳ ಎತ್ತಿ ನೋಡಬೇಕು. ಅದು ಖಾಲಿಯಿದ್ದರೆ ಕಟ್ಟಿಕೊಂಡದ್ದು ಮನೆಯೊಳಗೆ. ತುಂಬಿದ್ದರೆ ಅಲ್ಲಿಂದಾಚೆ. ರಸ್ತೆಯ ಮ್ಯಾನ್‌ಹೋಲೂ ಉಕ್ಕುತ್ತಿದ್ದರೆ ಪ್ಲಂಬರಿಗೆ ದುಡ್ಡು ಸುರಿಯುವುದು ದಂಡ. ಅದು ಜಲಮಂಡಳಿಯ ಕೆಲಸ, 1916ಕ್ಕೆ ಫೋನು ಮಾಡಿ.

ರಸ್ತೆಯ ಕೊಳವೆ ಉಕ್ಕುವುದಕ್ಕೆ ಹಳೆಯ ಕಾರಣಗಳಿವೆ. ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ತಲೆಯೆತ್ತತೊಡಗಿದ್ದು 1949ರಲ್ಲಿ. ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ಒಂದು ಸಂಸಾರದ ಲೆಕ್ಕಕ್ಕೆ ಸ್ಟೋನ್‌ವೇರ್ ಪೈಪು ಹಾಕಿದ್ದ 30x40ರ ಸೈಟುಗಳಲ್ಲಿ ಈಗ ಮೂರು-ನಾಲ್ಕು ಸಂಸಾರ. ಆ ಪೈಪಿನ ಜೋಡಣೆ ಸಡಿಲವಾದರೆ ನೀರಿನ ವಾಸನೆ ಹಿಡಿದು ಮರದ ಬೇರು ನುಗ್ಗುತ್ತದೆ. ಇಷ್ಟು ಸಾಲದೆಂಬಂತೆ ತಾರಸಿಯ ಮಳೆನೀರನ್ನೂ ಗುಟ್ಟಾಗಿ ಚೇಂಬರಿಗೇ ಬಿಟ್ಟ ಮನೆಗಳಿವೆ. ಈ ಬಡಾವಣೆಗಳ ಒಳಚರಂಡಿಯೆಲ್ಲ ವೃಷಭಾವತಿ ಕಣಿವೆಯ ಇಳಿಜಾರು ಹಿಡಿದು ಮೈಸೂರು ರಸ್ತೆಯ ಸಂಸ್ಕರಣಾ ಘಟಕದತ್ತ ಸಾಗಬೇಕು. ಜೋರು ಮಳೆಯಲ್ಲಿ ಕೊಳವೆ ತುಂಬಿದಾಗ ಮೊದಲು ಉಕ್ಕುವುದು ತಗ್ಗಿನ ಬೀದಿಗಳಲ್ಲಿ, ಆ ಬೀದಿಗಳ ನೆಲಮಹಡಿಯಲ್ಲಿ. ದಿಣ್ಣೆಯ ಮೇಲೆ ಮಳೆನೀರು ಬಿಟ್ಟವರ ಬಚ್ಚಲು ಒಣಗಿಯೇ ಇರುತ್ತದೆ!

ಆ್ಯಸಿಡ್ ಬಗ್ಗೆ ಒಂದು ಮಾತು. ಬ್ಲೀಚಿಂಗ್ ಪೌಡರ್ ಹಾಕಿ, ಕರಗಲಿಲ್ಲವೆಂದು ಆ್ಯಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಮೂರಡಿಯ ಶೌಚಾಲಯದಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಪ್ಯಾಡಿನ ಪ್ಲಾಸ್ಟಿಕ್ಕಂತೂ ಆ್ಯಸಿಡ್ಡಿಗೆ ಜಗ್ಗುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು, 'ಯಾರನ್ನಾದರೂ ಕರೆದು ಗುಂಡಿಗೆ ಇಳಿಸಿಬಿಡಿ' ಎನ್ನುವುದು. ಮಲವನ್ನು ತಲೆಯ ಮೇಲೆ ಹೊರಿಸುವ ಪದ್ಧತಿಯನ್ನು ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಷೇಧಿಸಿದರು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇನ್ನೂ ಮಲ ಬಳಿಯುತ್ತಿದ್ದ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೋ ಶೌಚಗುಂಡಿಗೋ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಗುತ್ತಿಗೆದಾರನಿಗಷ್ಟೇ ಅಲ್ಲ, ಕರೆಸಿದ ಮನೆಯವರಿಗೂ ಇದು ಅನ್ವಯ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಳವೆ ತೆರವು ಮಾಡುವ ಜೆಟ್ಟಿಂಗ್ ಮಷಿನ್ ಬರುವುದು ಅರ್ಧ ದಿನ ತಡವಾದರೆ ಆಗಲಿ, ಅಷ್ಟು ಹೊತ್ತು ಮೇಲಿನ ಮನೆಗಳ ನಲ್ಲಿ ನಿಲ್ಲಿಸಿದರಾಯಿತು.

ನಿಲ್ಲಿಸುತ್ತಾರೆಯೇ? ಅಲ್ಲೇ ಇರುವುದು ಪಂಚಾಯಿತಿ. ಕೊಕ್ಕೆಗೆ ಸಿಕ್ಕಿ ಮೇಲೆ ಬಂದ ಕಸವನ್ನು ಯಾವ ಮಹಡಿಯವರೂ ತಮ್ಮದೆಂದು ಒಪ್ಪುವುದಿಲ್ಲ. ಖರ್ಚನ್ನು ಮೂರು ಪಾಲು ಮಾಡೋಣವೆಂದರೆ 'ನಮಗೇನೂ ತೊಂದರೆಯಾಗಿಲ್ಲವಲ್ಲ' ಎನ್ನುತ್ತಾರೆ ಎರಡನೇ ಮಹಡಿಯವರು.